ಎಲೆಗೆ ತೂತು ಕೊರೆದು, ಅದರಲ್ಲಿ ಕೂತು ಹಾಡುವ ಚಿಮ್ಮಂಡೆ: ಯಾರಾದರೂ ನೋಡಿದ್ದೀರಾ?

ಹೊಲದ_ಬದು
ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆ, ಬೇತಮಂಗಲದ ಕಡೆ. ಮೊನ್ನೆ ಕತ್ತಲಾದ ಮೇಲೆ ಮೋಟಾರ್ ಆಫ್ ಮಾಡಲು ಹೊಲಕ್ಕೆ ಹೋಗಿದ್ದೆ. ಬದುವಿನ ಮೇಲೆ ತುಳಸಿ ತರ ವಾಸನೆ ಬರುವ ಕಳೆ ಗಿಡ ಎದೆಯೆತ್ತರ ಬೆಳೆದಿದೆ. ಅದರೊಳಗಿಂದ ಚಿಮ್ಮಂಡೆಗಳ ಸದ್ದು ದಿನಾ ಬರುತ್ತದೆ. ಆದರೆ ಅವತ್ತು ಒಂದರ ಸದ್ದು ಮಾತ್ರ ಉಳಿದವಕ್ಕಿಂತ ಜೋರಾಗಿತ್ತು. ಟಾರ್ಚ್ ಹಿಡಿದು ಹುಡುಕಿದೆ. ತೆಳ್ಳಗಿನ, ತಿಳಿ ಹಸಿರು ಬಣ್ಣದ ಪುಟ್ಟ ಹುಳ. ರೆಕ್ಕೆ ಗಾಜಿನಂತೆ ಪಾರದರ್ಶಕ. ಅಗಲವಾದ ಒಂದು ಎಲೆಯ ನಡುವೆ ತೂತಿತ್ತು. ಹುಳ ಆ ತೂತಿನಲ್ಲಿ ತಲೆ ತೂರಿಸಿ, ರೆಕ್ಕೆ ಮೇಲೆತ್ತಿ ಎಲೆಗೆ ಸಮವಾಗಿ ನಿಲ್ಲಿಸಿಕೊಂಡು ಹಾಡುತ್ತಿತ್ತು.

ತೂತು ಅದೇ ಕೊರೆದದ್ದಾ, ಇಲ್ಲಾ ಮೊದಲೇ ಇತ್ತಾ? ಜೋರು ಸದ್ದಿಗೂ ಎಲೆಗೂ ಸಂಬಂಧ ಇದೆಯಾ? ಗೊತ್ತಿದ್ದವರು ಹೇಳಿ.

ಪ್ರಶ್ನೆ_ಪತ್ರಿಕೆ
ಕಂಬಳಿಹುಳ ತಿಂದ ತೂತು ಇರಬೇಕು. ಎಲೆ ಅಂದ ಮೇಲೆ ತೂತು ಇದ್ದೇ ಇರುತ್ತದೆ. ಹುಳ ಅಲ್ಲಿ ಬಂದು ಕೂತಿದೆ, ಅಷ್ಟೇ.

ಕಾಡು_ಕಿವಿ
ಅಲ್ಲ, ಅದೇ ಕೊರೆದದ್ದು. ಹೊಲದ_ಬದು ಅವರೇ, ನೀವು ನೋಡಿದ್ದು ಬಹಳ ಜನರಿಗೆ ಸಿಗದ ನೋಟ. ಅದು ಮರದ ಚಿಮ್ಮಂಡೆ, ಈಕ್ಯಾಂಥಸ್ ಅನ್ನುವ ಕುಲದ್ದು. ನಿಮ್ಮ ಕಡೆ ಈ ಗಿಡದ ಮೇಲೆ ಸಿಗುವುದು ಹೆಚ್ಚಾಗಿ ಈಕ್ಯಾಂಥಸ್ ಹೆನ್ರಿಯೈ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ಜೊತೆಯವರು ಇದೇ ಹುಳವನ್ನು ಕುಪ್ಪಂ ಸುತ್ತಮುತ್ತ ವರ್ಷಗಟ್ಟಲೆ ಗಮನಿಸಿದ್ದಾರೆ. ಕುಪ್ಪಂ ನಿಮಗೆ ಪಕ್ಕದ ಊರೇ ಅಲ್ವಾ, ಗಡಿ ದಾಟಿದರೆ ಆಯಿತು.

ಗಂಡು ಅಗಲವಾದ ಎಲೆ ಹುಡುಕಿ, ಸುಮಾರು ನಡುವಿನಲ್ಲಿ ತನ್ನ ರೆಕ್ಕೆಯ ಅಳತೆಗೆ ಸರಿಯಾಗಿ ಬಾಯಿಂದ ಕಚ್ಚಿ ತೂತು ಮಾಡುತ್ತದೆ. ಆಮೇಲೆ ಅದರಲ್ಲಿ ನಿಂತು ಹಾಡುತ್ತದೆ. ಈ ನಡವಳಿಕೆ ವಿಜ್ಞಾನಿಗಳ ಕಣ್ಣಿಗೆ ಮೊದಲು ಬಿದ್ದದ್ದು ದಕ್ಷಿಣ ಆಫ್ರಿಕಾದಲ್ಲಿ, ಇದೇ ಕುಲದ ಬೇರೆ ಜಾತಿಯಲ್ಲಿ. ಅದರ ವರದಿ 1975ರಲ್ಲಿ ಬಂತು.

ನಿದ್ದೆ_ಬಾರದವಳು
ಅಯ್ಯೋ, ಇಷ್ಟು ಬುದ್ಧಿ ಇದೆಯಾ ಅದಕ್ಕೆ! ಫೋಟೊ ಇದ್ದರೆ ಹಾಕಿ ಅಣ್ಣಾ.

ಹೊಲದ_ಬದು
ಫೋಟೊ ತೆಗೆಯುವಷ್ಟರಲ್ಲಿ ಸದ್ದು ನಿಲ್ಲಿಸಿ ಎಲೆಯ ಹಿಂದಕ್ಕೆ ಜಾರಿಕೊಂಡಿತು. ಎಲೆ ಇನ್ನೂ ಗಿಡದಲ್ಲೇ ಇದೆ.

ಪ್ರಶ್ನೆ_ಪತ್ರಿಕೆ
ಸರಿ, ಅದೇ ಕೊರೆಯಿತು ಅಂತಲೇ ಇಟ್ಟುಕೊಳ್ಳೋಣ. ಎಲೆಯಿಂದ ಸದ್ದು ಜೋರಾಗುವುದು ಹೇಗೆ? ಎಲೆ ಮೆತ್ತಗೆ ಇರುತ್ತದೆ. ಅದೇನು ತಮಟೆಯ ಚರ್ಮ ಅಲ್ಲವಲ್ಲ.

ಧ್ವನಿ_ಪೆಟ್ಟಿಗೆ
ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಎಲೆ ಸದ್ದು ಹುಟ್ಟಿಸುವುದಿಲ್ಲ. ಹುಟ್ಟಿದ ಸದ್ದು ಹಾಳಾಗದಂತೆ ತಡೆಯುತ್ತದೆ.

ಸ್ಪೀಕರನ್ನು ಪೆಟ್ಟಿಗೆಯಿಂದ ಬಿಚ್ಚಿ ಕೈಯಲ್ಲಿ ಹಿಡಿದು ಹಾಡು ಹಾಕಿ ನೋಡಿ. ಸದ್ದು ಸೊರಗಿ ಹೋಗುತ್ತದೆ. ಯಾಕೆ ಅಂದರೆ ಕೋನ್ ಮುಂದಕ್ಕೆ ನೂಕಿದಾಗ ಮುಂದಿನ ಗಾಳಿಯ ಒತ್ತಡ ಏರುತ್ತದೆ, ಅದೇ ಹೊತ್ತಿಗೆ ಹಿಂದೆ ಒತ್ತಡ ಇಳಿಯುತ್ತದೆ. ಇವೆರಡೂ ಅಂಚು ಸುತ್ತಿ ಬಂದು ಸೇರಿದರೆ ಒಂದನ್ನೊಂದು ಅಳಿಸಿಬಿಡುತ್ತವೆ. ಅದೇ ಸ್ಪೀಕರನ್ನು ತೂತು ಕೊರೆದ ಪ್ಲೈವುಡ್ ಹಲಗೆಗೆ ಕೂರಿಸಿ. ಮುಂದಿನ ಗಾಳಿ ಹಿಂದಕ್ಕೆ ಸುತ್ತಿ ಬರುವ ದಾರಿ ಉದ್ದವಾಗುತ್ತದೆ, ಸದ್ದು ಉಳಿಯುತ್ತದೆ. ಆ ಹಲಗೆಗೆ ನಾವು ಬ್ಯಾಫಲ್ ಅಂತೀವಿ.

ಚಿಮ್ಮಂಡೆಯ ಕಷ್ಟವೂ ಇದೇ. ಈ ಮರದ ಚಿಮ್ಮಂಡೆಯ ಸದ್ದು ಸುಮಾರು 3 ಕಿಲೊಹರ್ಟ್ಸ್. ಅಂದರೆ ಅಲೆಯ ಉದ್ದ ಹತ್ತಿರ ಹತ್ತಿರ 11 ಸೆಂಟಿಮೀಟರ್. ರೆಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು. ಅಷ್ಟು ಚಿಕ್ಕ ರೆಕ್ಕೆಯ ಎರಡೂ ಬದಿಯ ಗಾಳಿ ಬೇಗ ಸೇರಿಬಿಡುತ್ತದೆ. ಸುತ್ತ ಎಲೆ ಇದ್ದರೆ ಅದು ತಪ್ಪುತ್ತದೆ. ಅದಕ್ಕೇ ಅಗಲ ಎಲೆ, ನಟ್ಟ ನಡುವೆ ತೂತು. ತೂತು ರೆಕ್ಕೆಗಿಂತ ದೊಡ್ಡದಾದರೆ ಸಂದಿಯಲ್ಲಿ ಸೋರಿಕೆ. ತೂತು ಅಂಚಿನ ಹತ್ತಿರ ಇದ್ದರೆ ಒಂದು ಕಡೆಯಿಂದ ಸೋರಿಕೆ.

ಪ್ರಶ್ನೆ_ಪತ್ರಿಕೆ
ವಿವರಣೆ ಚೆನ್ನಾಗಿದೆ ಸರ್. ಆದರೆ ಹುಳಕ್ಕೆ ನಡು ಯಾವುದು, ಅಂಚು ಯಾವುದು ಅಂತ ಗೊತ್ತಿದೆ ಅನ್ನಲು ಏನು ಆಧಾರ? ಹತ್ತು ತೂತು ಕೊರೆದು ಒಂದು ಸರಿ ಬಂದಿರಬಹುದು.

ಕಾಡು_ಕಿವಿ
ಅದನ್ನೇ ಪರೀಕ್ಷೆ ಮಾಡಿದ್ದಾರೆ. ನತಾಶಾ ಮ್ಹಾತ್ರೆ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಕೆಲಸ. ಎಲೆಯ ಅಗಲ, ತೂತಿನ ಅಳತೆ, ತೂತಿನ ಜಾಗ, ಈ ಮೂರನ್ನೂ ಬದಲಿಸುತ್ತಾ ಯಾವ ಜೋಡಣೆಯಲ್ಲಿ ಸದ್ದು ಅತಿ ಹೆಚ್ಚು ಅಂತ ಲೆಕ್ಕ ಹಾಕಿದರು. ಆಮೇಲೆ ಹುಳಗಳು ನಿಜಕ್ಕೂ ಏನು ಮಾಡುತ್ತವೆ ಅಂತ ನೋಡಿದರು. ದೊಡ್ಡದು ಚಿಕ್ಕದು ಎರಡೂ ಎಲೆ ಸಿಕ್ಕಾಗ ದೊಡ್ಡದನ್ನೇ ಆರಿಸಿದವು. ತೂತಿನ ಜಾಗ, ಅಳತೆ ಎರಡೂ ಲೆಕ್ಕಕ್ಕೆ ತೀರಾ ಹತ್ತಿರ. ಕೊರೆದು, ಹಾಡಿ, ಕೇಳಿ, ಮತ್ತೆ ಕೊರೆದು ತಿದ್ದುತ್ತಾ ಕೂರುವುದಿಲ್ಲ. ಒಂದೇ ಸಲಕ್ಕೆ ಮುಗಿಸುತ್ತವೆ.

ಮಲ್ನಾಡ್_ಮಳೆ
ನಮ್ಮ ಕಡೆ ಇದಕ್ಕಿಂತ ಜೋರು ಇದೆ. ಮಧ್ಯಾಹ್ನ ಕಾಡಿನಲ್ಲಿ ನಿಂತರೆ ಕಿವಿ ಗುಂಯ್ ಅನ್ನುತ್ತದೆ. ಅದಕ್ಕೆ ಎಲೆಯೂ ಬೇಡ, ಏನೂ ಬೇಡ.

ಕಾಡು_ಕಿವಿ
ಮಧ್ಯಾಹ್ನದ ಸದ್ದು ಅಂದರೆ ಸಿಕಾಡ. ಅದು ಬೇರೆಯೇ ಹುಳ. ಅದರ ಹೊಟ್ಟೆಯ ಎರಡು ಬದಿಗೆ ಬಿಗಿಯಾದ ಪೊರೆ ಇರುತ್ತದೆ. ಸ್ನಾಯು ಎಳೆದಾಗ ಪೊರೆ ಒಳಕ್ಕೆ ಬಾಗಿ ಟಕ್ ಅನ್ನುತ್ತದೆ, ಅದು ಸೆಕೆಂಡಿಗೆ ನೂರಾರು ಸಲ. ಚಿಮ್ಮಂಡೆ ಹಾಗಲ್ಲ. ಒಂದು ಮುಂರೆಕ್ಕೆಯ ಅಡಿಯಲ್ಲಿ ಅರದಂಥ ಹಲ್ಲಿನ ಸಾಲು, ಇನ್ನೊಂದರಲ್ಲಿ ಗೀರುವ ಅಂಚು. ರೆಕ್ಕೆ ಮುಚ್ಚುವಾಗ ಒಂದು ಇನ್ನೊಂದನ್ನು ಗೀರಿಕೊಂಡು ಹೋಗುತ್ತದೆ, ರೆಕ್ಕೆಯ ತೆಳು ಭಾಗ ಅದುರುತ್ತದೆ.

ಮಲ್ನಾಡ್_ಮಳೆ
ಹೋ, ಕಾಲು ಉಜ್ಜಿ ಸದ್ದು ಮಾಡುತ್ತದೆ ಅಂತ ಶಾಲೆಯಲ್ಲಿ ಹೇಳಿದ್ದರು.

ಕಾಡು_ಕಿವಿ
ಕಾಲು ಉಜ್ಜುವುದು ಕೆಲವು ಮಿಡತೆಗಳು. ಚಿಮ್ಮಂಡೆಗೆ ಕಾಲಿನ ಕೆಲಸ ಬೇರೆ ಇದೆ, ಮುಂಗಾಲಿನ ಮೊಣಕಾಲ ಕೆಳಗೆ ಅದರ ಕಿವಿ ಇರುತ್ತದೆ.

ಶಾರದಕ್ಕ_ಟೀಚರ್
ನಮ್ಮ ಏಳನೇ ಕ್ಲಾಸಿನ ಮಕ್ಕಳಿಗೆ ಕಾಲಿನಲ್ಲಿ ಕಿವಿ ಅಂದರೆ ಸಾಕು, ಒಂದು ವಾರ ಅದೇ ಮಾತು! ನನ್ನದೊಂದು ಪ್ರಶ್ನೆ. ಇಷ್ಟು ಲಾಭ ಇದ್ದರೆ ಎಲ್ಲ ಗಂಡುಗಳೂ ಯಾಕೆ ಎಲೆ ಕೊರೆಯುವುದಿಲ್ಲ? ಹೊಲದ_ಬದು ಅವರು ಕೇಳಿದವುಗಳಲ್ಲಿ ಒಂದೇ ಒಂದು ಹೀಗೆ ಮಾಡುತ್ತಿತ್ತು ಅಂತಾರೆ.

ಕಾಡು_ಕಿವಿ
ಅಕ್ಕಾ, ಇಡೀ ಕತೆಯ ಸ್ವಾರಸ್ಯ ಇರುವುದೇ ಅಲ್ಲಿ. ರಿತ್ತಿಕ್ ದೇಬ್, ರೋಹಿಣಿ ಬಾಲಕೃಷ್ಣನ್ ಮತ್ತು ಜೊತೆಗಾರರು 2020ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಎಲೆ ಕೊರೆಯುವುದು ಹೆಚ್ಚಾಗಿ ಮೈಯಲ್ಲಿ ಸಣ್ಣವು, ಸದ್ದು ಮೆತ್ತಗಿರುವವು. ಹೆಣ್ಣು ಜೋರು ಸದ್ದಿನ ಕಡೆ ಹೋಗುತ್ತದೆ. ಸಾಮಾನ್ಯವಾಗಿ ಜೋರು ಸದ್ದು ಅಂದರೆ ದೊಡ್ಡ ಮೈಯ ಗಂಡು. ಸಣ್ಣ ಗಂಡು ಎಲೆ ಹಿಡಿದರೆ ಸದ್ದು ಎರಡು ಮೂರು ಪಟ್ಟು ಏರುತ್ತದೆ. ದೂರದ ಹೆಣ್ಣಿಗೂ ಕೇಳುತ್ತದೆ, ಬರುವ ಹೆಣ್ಣುಗಳು ಜಾಸ್ತಿ.

ಇನ್ನೂ ಒಂದಿದೆ. ಕೂಡಿದ ಮೇಲೆ ಗಂಡು ವೀರ್ಯದ ಚೀಲವನ್ನು ಹೆಣ್ಣಿಗೆ ಅಂಟಿಸುತ್ತದೆ. ಅದನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು, ಯಾವಾಗ ಕಿತ್ತು ಹಾಕಬೇಕು ಅನ್ನುವುದು ಹೆಣ್ಣಿನ ಇಷ್ಟ. ಜೋರಾಗಿ ಹಾಡಿದ ಗಂಡಿನದ್ದನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುತ್ತದೆ. ಎಲೆಯ ಸಹಾಯದಿಂದ ಜೋರಾದ ಸಣ್ಣ ಗಂಡಿಗೂ ಅದೇ ಲಾಭ ಸಿಗುತ್ತದೆ. ಮೊದಲೇ ಜೋರಾಗಿರುವ ದೊಡ್ಡ ಗಂಡಿಗೆ ಎಲೆಯಿಂದ ಸಿಗುವ ಹೆಚ್ಚಿನ ಲಾಭ ಕಡಿಮೆ.

ಹುಬ್ಬಳ್ಳಿ_ಮೆಣಸಿನಕಾಯಿ
ಅಂದ್ರೆ ಇದು ಶುದ್ಧ ಮೋಸ ಆತಲ್ರೀ! ಹೆಣ್ಣು ದೊಡ್ಡವ ಅಂತ ನಂಬಿ ಬರ್ತದ, ಅಲ್ಲಿ ನೋಡಿದ್ರ ಸಣ್ಣವ.

ಶಾರದಕ್ಕ_ಟೀಚರ್
ಮೋಸ ಯಾಕೆ? ಎಲೆ ಹುಡುಕಿದ, ಅಳತೆಗೆ ಕೊರೆದ, ಅದರಲ್ಲಿ ನಿಂತ. ಅಷ್ಟು ಕೆಲಸ ಮಾಡುವುದೂ ಒಂದು ಯೋಗ್ಯತೆಯೇ. ದನಿ ಸಣ್ಣದಾಗಿ ಹುಟ್ಟಿದ್ದು ಅವನ ತಪ್ಪಾ?

ಹುಬ್ಬಳ್ಳಿ_ಮೆಣಸಿನಕಾಯಿ
ಟೀಚರ್, ನೀವು ಮನುಷ್ಯರ ಲೆಕ್ಕ ಹೇಳಾಕತ್ತೀರಿ. ಹೆಣ್ಣು ಕೇಳೋದು ಸದ್ದಷ್ಟೇ. ಸದ್ದು ಮೈಯ ಗಾತ್ರ ಹೇಳಬೇಕು. ಎಲೆ ಬಂದ ಮ್ಯಾಲೆ ಸದ್ದು ಸುಳ್ಳು ಹೇಳ್ತದ. ಇಷ್ಟೇ ನಾ ಹೇಳೋದು.

ಕಾಡು_ಕಿವಿ
ಸಂಶೋಧಕರು ಕೂಡ ಇದನ್ನು ವಂಚನೆಯ ತಂತ್ರ ಅಂತಲೇ ಕರೆದಿದ್ದಾರೆ, ಮೆಣಸಿನಕಾಯಿ ಅವರು ಹೇಳಿದ ಕಾರಣಕ್ಕೇ. ನನಗೆ ಮಾತ್ರ ಟೀಚರ್ ಕಡೆಯೇ ಒಲವು. ಮೋಸ ಎಲ್ಲರೂ ಮಾಡತೊಡಗಿದರೆ ಜೋರು ಸದ್ದಿಗೆ ಬೆಲೆಯೇ ಇರುವುದಿಲ್ಲ, ಹೆಣ್ಣುಗಳು ಅದನ್ನು ನಂಬುವುದನ್ನು ಬಿಟ್ಟುಬಿಡುತ್ತವೆ. ಇಲ್ಲಿ ಕೊರೆಯುವವರು ಕೆಲವರೇ. ಹಾಗಾಗಿ ಸದ್ದು ನಂಬಿ ಬರುವ ಹೆಣ್ಣಿಗೆ ಹೆಚ್ಚಿನ ಸಲ ದೊಡ್ಡ ಗಂಡೇ ಸಿಗುತ್ತದೆ.

ಪ್ರಶ್ನೆ_ಪತ್ರಿಕೆ
ಹಾಗಾದರೆ ಹುಳ ಸಾಧನ ಬಳಸುತ್ತದೆ ಅಂತಲೂ ಹೇಳುತ್ತೀರಾ? ಮಂಗ ಕಲ್ಲು ಹಿಡಿದು ಕಾಯಿ ಒಡೆದರೆ ಒಪ್ಪುತ್ತೇನೆ. ಇದು ಹುಟ್ಟಿನಿಂದ ಬಂದ ಚಾಳಿ.

ಧ್ವನಿ_ಪೆಟ್ಟಿಗೆ
ಹುಟ್ಟಿನಿಂದ ಬಂದರೆ ಸಾಧನ ಅಲ್ಲ ಅಂತ ಯಾಕೆ? ಹೊರಗಿನ ಒಂದು ವಸ್ತುವನ್ನು ಬೇಕಾದ ಆಕಾರಕ್ಕೆ ತಂದು ಅದರಿಂದ ಒಂದು ಕೆಲಸ ಮಾಡಿಸಿಕೊಂಡಿದೆ. ಅಳತೆ ತಪ್ಪಿದರೆ ಕೆಲಸ ಕೆಡುತ್ತದೆ. ನನ್ನ ಮಟ್ಟಿಗೆ ಅದು ಸಾಧನವೇ.

ಪ್ರಶ್ನೆ_ಪತ್ರಿಕೆ
ಹಕ್ಕಿಯ ಗೂಡೂ ಹಾಗಾದರೆ ಸಾಧನ ಆಗುತ್ತದೆ. ಜೇಡರ ಬಲೆಯೂ. ಎಲ್ಲಿ ಗೆರೆ ಎಳೆಯುತ್ತೀರಿ?

ಧ್ವನಿ_ಪೆಟ್ಟಿಗೆ
ಗೂಡಿನಲ್ಲಿ ವಾಸ ಮಾಡುತ್ತದೆ. ಈ ಎಲೆಯಲ್ಲಿ ವಾಸ ಇಲ್ಲ, ಹಾಡಲು ಮಾತ್ರ ಬರುತ್ತದೆ. ಗೆರೆ ಅಲ್ಲಿದೆ.

ಓಹಾಯೋ_ಕನ್ನಡತಿ
ನಾನಿರುವ ಕಡೆಯೂ ಮರದ ಚಿಮ್ಮಂಡೆ ಇದೆ. ಆಗಸ್ಟ್ ರಾತ್ರಿಗಳಲ್ಲಿ ಕಿಟಕಿ ತೆಗೆದರೆ ಪೊದೆಗಳಿಂದ ಎಲ್ಲ ಒಟ್ಟಿಗೆ ಚಿರ್ ಚಿರ್ ಅನ್ನುತ್ತವೆ. ಇಲ್ಲಿನ ಜನ ಇದರಿಂದ ಸೆಕೆ ಚಳಿ ಅಳೆಯುತ್ತಾರೆ. 1897ರಲ್ಲಿ ಡಾಲ್ಬೇರ್ ಅನ್ನುವ ಭೌತವಿಜ್ಞಾನಿ ಬರೆದ ಲೆಕ್ಕದಿಂದ ಶುರುವಾದದ್ದು. ಈಗ ಜನರ ಬಾಯಲ್ಲಿರುವ ಸುಲಭ ರೂಪ ಹೀಗಿದೆ: 14 ಸೆಕೆಂಡಿನಲ್ಲಿ ಎಷ್ಟು ಸಲ ಚಿರ್ ಅಂದಿತು ಎಣಿಸಿ, 40 ಸೇರಿಸಿ. ಫ್ಯಾರನ್‌ಹೀಟಿನಲ್ಲಿ ಉಷ್ಣತೆ ಸಿಗುತ್ತದೆ. ನನ್ನ ಮಗಳು ಎಣಿಸಿ ಗೋಡೆಯ ಥರ್ಮಾಮೀಟರ್ ಜೊತೆ ಹೋಲಿಸುತ್ತಾಳೆ, ತುಂಬ ಹತ್ತಿರ ಬರುತ್ತದೆ.

ನಿದ್ದೆ_ಬಾರದವಳು
ಅಕ್ಕಾ, ಈಗಲೇ ಬಚ್ಚಲುಮನೆಯ ಹುಳದ ಸದ್ದು ಎಣಿಸಿದೆ. ಲೆಕ್ಕದ ಪ್ರಕಾರ ಬೆಂಗಳೂರಿನಲ್ಲಿ ಈಗ 110 ಡಿಗ್ರಿ!

ಕಾಡು_ಕಿವಿ
ಬೇರೆ ಜಾತಿ, ಬೇರೆ ಲೆಕ್ಕ. ಆ ಸೂತ್ರ ಅಮೆರಿಕದ ಒಂದು ಮರದ ಚಿಮ್ಮಂಡೆಗೆ ಹೊಂದುತ್ತದೆ. ಬಚ್ಚಲುಮನೆಯದ್ದು ನೆಲದ ಚಿಮ್ಮಂಡೆ ಇರಬೇಕು. ಬೆಚ್ಚಗಾದಂತೆ ಬೇಗ ಬೇಗ ಹಾಡುವುದು ಮಾತ್ರ ಎಲ್ಲದಕ್ಕೂ ಒಂದೇ. ಅವುಗಳ ಮೈ ಬಿಸಿ ಹೊರಗಿನ ಗಾಳಿಯಂತೆ ಏರಿ ಇಳಿಯುತ್ತದೆ, ಸ್ನಾಯುವಿನ ವೇಗವೂ ಹಾಗೇ.

ಮರದ ಚಿಮ್ಮಂಡೆಯಲ್ಲಿ ಇನ್ನೊಂದು ವಿಶೇಷ ಇದೆ. ನೆಲದ ಚಿಮ್ಮಂಡೆಯ ಶ್ರುತಿ ಚಳಿಗೂ ಸೆಕೆಗೂ ಹೆಚ್ಚು ಕಮ್ಮಿ ಒಂದೇ. ಹಾಡಿನ ವೇಗ ಮಾತ್ರ ಬದಲಾಗುತ್ತದೆ. ಹೆನ್ರಿಯೈನಲ್ಲಿ ಶ್ರುತಿಯೂ ಬದಲಾಗುತ್ತದೆ, ತಂಪಾದ ಸಂಜೆ ಕೆಳಗಿಳಿಯುತ್ತದೆ, ಬೆಚ್ಚಗಿನ ಸಂಜೆ ಏರುತ್ತದೆ.

ಶಾರದಕ್ಕ_ಟೀಚರ್
ಶ್ರುತಿ ಬದಲಾದರೆ ಹೆಣ್ಣಿಗೆ ತನ್ನವನು ಅಂತ ಗುರುತು ಸಿಗುವುದು ಹೇಗೆ?

ಕಾಡು_ಕಿವಿ
ಇದನ್ನೂ ಅದೇ ತಂಡ ನೋಡಿದೆ, 2011ರಲ್ಲಿ ಬಂದ ಕೆಲಸ. ಹೆಣ್ಣಿನ ಕಿವಿ ಒಂದೇ ಶ್ರುತಿಗೆ ಬಿಗಿಯಾಗಿ ಕಟ್ಟಿಕೊಂಡಿಲ್ಲ. ಸಾಕಷ್ಟು ಅಗಲದ ಪಟ್ಟಿಯೊಳಗೆ ಎಲ್ಲಿದ್ದರೂ ಕೇಳಿಸಿಕೊಂಡು ಹೋಗುತ್ತದೆ. ಗುರುತಿಗೆ ಹಾಡಿನ ಲಯ ಇದೆಯಲ್ಲ.

ಧ್ವನಿ_ಪೆಟ್ಟಿಗೆ
ಓಹಾಯೋ ಮೇಡಂ, ಊರಿಗೆ ಫೋನ್ ಮಾಡಿದಾಗ ನಿಮ್ಮ ಚಿಮ್ಮಂಡೆ ಸದ್ದು ಅಮ್ಮನಿಗೆ ಕೇಳುತ್ತದಾ? ಸುಮ್ನೆ ಕುತೂಹಲ.

ಓಹಾಯೋ_ಕನ್ನಡತಿ
ಇಲ್ಲವೇ ಇಲ್ಲ! ನನ್ನ ಕಿವಿ ತುಂಬ ಅದೇ ಸದ್ದು, ಅಮ್ಮ ಮಾತ್ರ ಯಾವ ಹುಳನೂ ಇಲ್ಲ ಅಂತಾರೆ.

ಧ್ವನಿ_ಪೆಟ್ಟಿಗೆ
ಹಳೆ ಫೋನ್ ಲೈನ್ 300ರಿಂದ 3400 ಹರ್ಟ್ಸ್ ತನಕ ಮಾತ್ರ ದಾಟಿಸುತ್ತಿತ್ತು. ನೆಲದ ಚಿಮ್ಮಂಡೆಗಳ ಸದ್ದು ಹೆಚ್ಚಾಗಿ 4 ಕಿಲೊಹರ್ಟ್ಸಿಗಿಂತ ಮೇಲೆ, ಅಲ್ಲೇ ಕತ್ತರಿಸಿ ಹೋಗುತ್ತದೆ. ಈಗಿನ ಮೊಬೈಲಿನಲ್ಲಿ ಪಟ್ಟಿ ಅಗಲ ಇದೆ. ಆದರೆ ಮಾತಲ್ಲದ ಏಕತಾನದ ಸದ್ದನ್ನು ಫೋನೇ ಗಲಾಟೆ ಅಂತ ತಿಳಿದು ತೆಗೆದುಹಾಕುತ್ತದೆ.

ಕಾಡು_ಕಿವಿ
ಆದರೂ ಫೋನಿನಲ್ಲಿ ಚಿಮ್ಮಂಡೆ ಹಾಡಿದ ಇತಿಹಾಸ ಇದೆ. 1913ರಲ್ಲಿ ರೆಗೆನ್ ಅನ್ನುವ ಸ್ಲೊವೇನಿಯಾ ಮೂಲದ ವಿಜ್ಞಾನಿ ಒಂದು ಕೋಣೆಯಲ್ಲಿ ಗಂಡನ್ನು ಇಟ್ಟು, ಅದರ ಸದ್ದನ್ನು ಟೆಲಿಫೋನ್ ಮೂಲಕ ಬೇರೆ ಕಡೆ ಇದ್ದ ಹೆಣ್ಣಿಗೆ ಕೇಳಿಸಿದರು. ಹೆಣ್ಣು ರಿಸೀವರ್ ಹತ್ತಿರಕ್ಕೆ ಬಂತು. ಕಣ್ಣಿಗೆ ಗಂಡು ಕಾಣುತ್ತಿಲ್ಲ, ವಾಸನೆ ಇಲ್ಲ. ಹೆಣ್ಣನ್ನು ಎಳೆದು ತರುವುದು ಸದ್ದೇ ಅಂತ ಅದರಿಂದ ಖಚಿತವಾಯಿತು.

ಹುಬ್ಬಳ್ಳಿ_ಮೆಣಸಿನಕಾಯಿ
ಇದು ಭಾರಿ ಆತು ನೋಡ್ರಿ.

ಮಲ್ನಾಡ್_ಮಳೆ
ಕಾಡು_ಕಿವಿ ಸರ್, ಜೋರಾಗಿ ಹಾಡಿದರೆ ಹೆಣ್ಣು ಬರುತ್ತದೆ ಸರಿ. ಬಾವಲಿ, ಗೂಬೆಯೂ ಬರುತ್ತವಲ್ಲ? ಎಲೆ ಹಿಡಿದವನೇ ಮೊದಲು ಸಾಯಬೇಕು.

ಕಾಡು_ಕಿವಿ
ಒಳ್ಳೆ ಮಾತು. ಕಣ್ಣಮುಂದಿನ ಉದಾಹರಣೆ ಹವಾಯಿ ದ್ವೀಪಗಳದ್ದು. ಅಲ್ಲಿ ಒಂದು ನೊಣ ಚಿಮ್ಮಂಡೆಯ ಹಾಡು ಕೇಳಿ ಹುಡುಕಿಕೊಂಡು ಬಂದು ಮರಿ ಬಿಡುತ್ತದೆ, ಮರಿಗಳು ಚಿಮ್ಮಂಡೆಯ ಮೈಯೊಳಗೆ ಹೊಕ್ಕು ತಿನ್ನುತ್ತವೆ. ಕೌಯಿ ದ್ವೀಪದಲ್ಲಿ ಇಪ್ಪತ್ತಕ್ಕಿಂತ ಕಡಿಮೆ ತಲೆಮಾರಿನಲ್ಲಿ ಹೆಚ್ಚಿನ ಗಂಡುಗಳ ರೆಕ್ಕೆಯಲ್ಲಿ ಸದ್ದು ಮಾಡುವ ರಚನೆಯೇ ಇಲ್ಲವಾಯಿತು. ಮಾರ್ಲೀನ್ ಜುಕ್ ಮತ್ತು ಜೊತೆಗಾರರು 2006ರಲ್ಲಿ ಇದನ್ನು ವರದಿ ಮಾಡಿದರು. ಆ ಮೂಕ ಗಂಡುಗಳು ಇನ್ನೂ ಹಾಡುವ ಕೆಲವರ ಹತ್ತಿರ ಕಾದು ಕೂತು, ಸದ್ದಿಗೆ ಬರುವ ಹೆಣ್ಣನ್ನು ದಾರಿಯಲ್ಲೇ ಸಂಧಿಸುತ್ತವೆ.

ಆದರೆ ಹಾಡುವವನಿಗೇ ಯಾವಾಗಲೂ ಅಪಾಯ ಹೆಚ್ಚು ಅನ್ನಲು ಆಗುವುದಿಲ್ಲ. ನಿಮ್ಮ ಪಶ್ಚಿಮಘಟ್ಟದಲ್ಲೇ ಮಾಡಿದ ಅಧ್ಯಯನ ಇದೆ, 2015ರದ್ದು. ಹುಳ ತಿನ್ನುವ ಒಂದು ಜಾತಿಯ ಬಾವಲಿ ಒಂದು ದೊಡ್ಡ ಎಲೆಮಿಡತೆಯನ್ನು ಬೇಟೆಯಾಡುತ್ತದೆ. ತಿಂದು ಉದುರಿಸಿದ ರೆಕ್ಕೆಗಳನ್ನು ಆರಿಸಿ ನೋಡಿದರೆ ಹಾಡುವ ಗಂಡಿಗಿಂತ ಸದ್ದಿಲ್ಲದ ಹೆಣ್ಣುಗಳದ್ದೇ ಹೆಚ್ಚು. ಗಂಡು ಕೂತಲ್ಲೇ ಹಾಡುತ್ತದೆ, ಅದನ್ನು ಹುಡುಕಿ ಹಾರುವುದು ಹೆಣ್ಣು. ಹಾರುವುದೇ ಬಾವಲಿಗೆ ಸುಲಭದ ತುತ್ತು.

ನಮ್ಮ ಹೆನ್ರಿಯೈಗೆ ಮುಖ್ಯ ಶತ್ರು ಅದೇ ಗಿಡದಲ್ಲಿ ಹೊಂಚು ಹಾಕುವ ಹಸಿರು ಜೇಡ. ಅಲ್ಲಿಯೂ ಹಾಡುವ ಗಂಡಿಗೂ ಓಡಾಡುವ ಹೆಣ್ಣಿಗೂ ಅಪಾಯ ಹೆಚ್ಚು ಕಮ್ಮಿ ಸಮ ಅಂತ ಕಂಡುಬಂದಿದೆ.

ಶಾರದಕ್ಕ_ಟೀಚರ್
ಪಾಪ, ಹೆಣ್ಣು ಹುಳದ ಓಡಾಟದ ಕಷ್ಟ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ನೋಡಿ. ಹಾಡುವವನದ್ದೇ ಸುದ್ದಿ.

ಮಲ್ನಾಡ್_ಮಳೆ
ನಿಜ ಟೀಚರ್. ರಾತ್ರಿ ನಮ್ಮ ಕಡೆ ಏಕಕಾಲಕ್ಕೆ ಎಷ್ಟೊಂದು ಜಾತಿ ಹಾಡುತ್ತವೆ. ಒಂದರ ಸದ್ದು ಇನ್ನೊಂದಕ್ಕೆ ಅಡ್ಡ ಬರುವುದಿಲ್ವಾ?

ಕಾಡು_ಕಿವಿ
ಕುದುರೆಮುಖದ ಕಾಡಿನಲ್ಲಿ ಸುಮಾರು 20 ಜಾತಿಯ ಹಾಡುವ ಚಿಮ್ಮಂಡೆ, ಎಲೆಮಿಡತೆಗಳನ್ನು ಗುರುತಿಸಿದ್ದಾರೆ. ಎಲ್ಲ ಒಂದೇ ಜಾಗದಲ್ಲಿ ಹಾಡುವುದಿಲ್ಲ. ಕೆಲವು ನೆಲದ ತರಗೆಲೆಯಲ್ಲಿ, ಕೆಲವು ಪೊದೆಯಲ್ಲಿ, ಕೆಲವು ಮರದ ತುದಿಯಲ್ಲಿ. ಶ್ರುತಿ, ಲಯ, ಹೊತ್ತು ಎಲ್ಲದರಲ್ಲೂ ವ್ಯತ್ಯಾಸ ಇದೆ. ಪಳಗಿದ ಕಿವಿಯವರು ಕತ್ತಲಲ್ಲಿ ನಿಂತು ಬರೀ ಕೇಳಿ ಯಾವ ಜಾತಿ ಅಂತ ಹೇಳಬಲ್ಲರು, ಆ ವಿಧಾನದಿಂದಲೇ ಅಲ್ಲಿ ಎಣಿಕೆ ಮಾಡಿದ್ದಾರೆ. ಯಂತ್ರಕ್ಕಿಂತ ಮನುಷ್ಯರ ಕಿವಿಯ ಮೇಲೆ ನನಗೂ ನಂಬಿಕೆ ಜಾಸ್ತಿ.

ಹೊಲದ_ಬದು
ಇಷ್ಟು ವಿಷಯ ಇದೆ ಅಂತ ಗೊತ್ತಿರಲಿಲ್ಲ, ಎಲ್ಲರಿಗೂ ಧನ್ಯವಾದ. ಈಗ ಇನ್ನೊಂದು ಚಿಂತೆ. ಆ ಕಳೆ ಗಿಡ ಕೀಳಿಸಬೇಕು ಅಂತಿದ್ದೆ. ಹೊಲದೊಳಕ್ಕೆ ಹಬ್ಬುತ್ತಿದೆ. ಕಿತ್ತರೆ ಹುಳ ಎಲ್ಲಿ ಹೋಗುತ್ತದೆ?

ಪ್ರಶ್ನೆ_ಪತ್ರಿಕೆ
ಕೀಳಿ. ಆ ಗಿಡ ಅಮೆರಿಕ ಖಂಡದಿಂದ ಬಂದದ್ದು, ಎಲ್ಲ ಕಡೆ ಆಕ್ರಮಿಸಿದೆ. ಗಿಡ ಬರುವ ಮೊದಲೂ ಹುಳ ಇಲ್ಲಿ ಬದುಕಿತ್ತಲ್ಲ.

ಕಾಡು_ಕಿವಿ
ಹೊಲದೊಳಗಿನದ್ದು ಕೀಳಿಸಿ, ತಪ್ಪಿಲ್ಲ. ಬದುವಿನ ಮೇಲೆ ಬೇರೆ ಪೊದೆ ಏನೂ ಇಲ್ಲದಿದ್ದರೆ ಒಂದೇ ಸಲ ಎಲ್ಲ ಬೋಳು ಮಾಡಬೇಡಿ. ಊರಿನ ಪೊದೆ ಗಿಡ ನಾಲ್ಕು ಬೆಳೆಯಲಿ, ಆಮೇಲೆ ಇದನ್ನು ತೆಗೆಯಿರಿ. ಕಳೆನಾಶಕ ಹೊಡೆಯುವುದಂತೂ ಬೇಡ.

ಪ್ರಶ್ನೆ_ಪತ್ರಿಕೆ
ಅಷ್ಟರಲ್ಲಿ ಬೀಜ ಉದುರಿ ಇಡೀ ಹೊಲ ತುಂಬಿರುತ್ತದೆ ಸರ್. ರೈತನ ಕಷ್ಟವನ್ನೂ ನೋಡಿ.

ಹೊಲದ_ಬದು
ಹೂ ಬಿಡುವ ಮೊದಲು ತುದಿ ಕತ್ತರಿಸಿದರೆ ಬೀಜ ಆಗುವುದಿಲ್ಲ. ಬದುವಿನದ್ದನ್ನು ಈ ವರ್ಷ ಹಾಗೆ ಮಾಡುತ್ತೇನೆ. ಹೊಲದೊಳಗಿನದ್ದು ನಾಳೆಯೇ ಕೀಳಿಸುತ್ತೇನೆ.

ನಿದ್ದೆ_ಬಾರದವಳು
ನನ್ನ ಬಚ್ಚಲುಮನೆಯ ಹುಳಕ್ಕೂ ಯಾರಾದರೂ ದಾರಿ ಹೇಳಿ. ಕೊಲ್ಲಲು ಮನಸ್ಸಿಲ್ಲ. ರಾತ್ರಿ ಎರಡು ಗಂಟೆಗೂ ಹಾಡುತ್ತದೆ. ಲೈಟ್ ಹಾಕಿದರೆ ಗಪ್‌ಚುಪ್, ಆರಿಸಿದರೆ ಮತ್ತೆ ಶುರು.

ಕಾಡು_ಕಿವಿ
ಟಾರ್ಚಿಗೆ ಕೆಂಪು ಪೇಪರ್ ಕಟ್ಟಿ. ಕೆಂಪು ಬೆಳಕಿಗೆ ಅಷ್ಟು ಬೆದರುವುದಿಲ್ಲ. ಸದ್ದು ಬರುವ ಮೂಲೆಗೆ ಮೆಲ್ಲಗೆ ಹೋಗಿ, ಹೆಜ್ಜೆ ಅದುರಿದರೂ ಅದಕ್ಕೆ ಗೊತ್ತಾಗುತ್ತದೆ. ಹುಳ ಕಂಡ ಮೇಲೆ ಲೋಟ ಕವುಚಿ, ಅಡಿಗೆ ಗಟ್ಟಿ ಕಾಗದ ತೂರಿಸಿ ಎತ್ತಿಕೊಳ್ಳಿ. ಹೊರಗೆ ಹುಲ್ಲು ಇರುವ ಕಡೆ ಬಿಡಿ.

ಹುಬ್ಬಳ್ಳಿ_ಮೆಣಸಿನಕಾಯಿ
ಬಿಡೋ ಮೊದಲು ರೆಕ್ಕೆ ನೋಡ್ರಿ ಅಕ್ಕಾರ. ಬಲಗಡೆದ್ದು ಮ್ಯಾಲಿದ್ರ ಚಿಮ್ಮಂಡೆ, ಎಡಗಡೆದ್ದು ಮ್ಯಾಲಿದ್ರ ಎಲೆಮಿಡತೆ. ನಮ್ಮ ಕಾಲೇಜಿನ್ಯಾಗ ಹೇಳಿಕೊಟ್ಟಿದ್ರು.

ಕಾಡು_ಕಿವಿ
ಹೌದು, ಬಹುಪಾಲು ಹಾಗೇ ಇರುತ್ತದೆ.

ನಿದ್ದೆ_ಬಾರದವಳು
ಸಿಕ್ಕಿತು! ಒಲೆ ಹಚ್ಚುವ ಬಚ್ಚಲ ಹಂಡೆಯ ಹಿಂದೆ ಇತ್ತು. ಕಂದು ಬಣ್ಣ, ಬಲ ರೆಕ್ಕೆ ಮೇಲೆ. ಹಿತ್ತಲಿನ ಬಾಳೆ ಬುಡಕ್ಕೆ ಬಿಟ್ಟು ಬಂದೆ. ಆದರೆ ಒಳಗೆ ಇನ್ನೊಂದು ಹಾಡುತ್ತಿದೆ.